ಕೂಡಬಾರದ ಕಟ್ಟೆ

ಮೊದಲ ಸಲ ಆ ಫೋನನ್ನು ಕತ್ತರಿಸಿದಾಗ ಮಧುಕರನಿಗೆ ಏನೂ ಅನ್ನಿಸಿರಲಿಲ್ಲ. ಗುರುತಿಲ್ಲದ ನಂಬರು ಎಂದರೆ ಸಾಲ ಬೇಕೆ ಎಂದು ಕೇಳುವ ಹುಡುಗಿ, ಇಲ್ಲವೆ ಫ್ಲ್ಯಾಟು ಮಾರುವ ಹುಡುಗ. ಅವರನ್ನು ಕತ್ತರಿಸಲು ಅವನ ಹೆಬ್ಬೆರಳು ಅವನ ಅಪ್ಪಣೆಗೂ ಕಾಯುತ್ತಿರಲಿಲ್ಲ. ಎರಡನೆಯ ಸಲ ಬಂದಾಗ ಎತ್ತಿದ. ಆ ಕಡೆಯ ಮುದಿ ದನಿ ಮರಾಠಿಯಲ್ಲಿ ತಾವು ಯಾರು ಮಾತಾಡುವುದು ಎಂದು ಕೇಳಿದ್ದೇ ತಡ, 'ಫೋನ್ ಮಾಡಿದವರು ನೀವು, ನಾನು ಯಾರೆಂದು ನಾನು ಹೇಳಬೇಕೆ? ಮನೆಯಲ್ಲಿ ಕೆಲಸವಿಲ್ಲದಿದ್ದರೆ ಮಲಗಿಕೊಳ್ಳಿ' ಎಂದು ತಾನೂ ಅಷ್ಟೇ ನುಣುಪಾದ ಮರಾಠಿಯಲ್ಲಿ ಹೇಳಿ, ಇಟ್ಟು, ಆ ನಂಬರು ಇನ್ನು ಮುಂದೆ ಬಾರದಂತೆ ಬಂದ್ ಮಾಡಿಬಿಟ್ಟ. ಎದುರು ಮೇಜಿನ ವಿನೀತ ನಕ್ಕು, 'ಸರ್, ನೀವು ಪಕ್ಕಾ ಪುಣೇಕರ್' ಎಂದ. ನಿವೃತ್ತಿಯಾದ ಮೇಲೂ ಪುಣೆಯ ಮಗರಪಟ್ಟಾದ ಆ ಗಾಜಿನ ಕಚೇರಿಗೆ ಬಂದು ಲೆಕ್ಕಪತ್ರ ನೋಡಿಕೊಡುವ ಮಧುಕರನಿಗೆ ಸಂಬಳಕ್ಕಿಂತ ಇಂಥ ಮಾತೇ ಹೆಚ್ಚು ರುಚಿಸುತ್ತಿತ್ತು. ಆ ರುಚಿ ನಾಲಿಗೆಯ ಮೇಲಿರುವಾಗಲೇ ಇನ್ನೊಂದು ನಂಬರಿನಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. 'ದಯವಿಟ್ಟು ಇಡಬೇಡಿ. ಅಂಬಾ ಅವರು ನಿಮ್ಮ ಮಿಸೆಸ್ ಅಲ್ಲವೆ? ಎಚ್ಚರ ತಪ್ಪಿ ಬಿದ್ದಿದ್ದರು. ಒಮ್ಮೆ ಎಚ್ಚರ ಬಂತು, ಈಗ ಮತ್ತೆ ಕಣ್ಣು ಮುಚ್ಚುತ್ತಿದ್ದಾರೆ. ಡಾಕ್ಟರು ಬರುತ್ತಿದ್ದಾರೆ, ನೀವೂ ಬನ್ನಿ.' ಎಲ್ಲಿಗೆ ಎಂದು ಕೇಳಿದ. 'ನಿಮ್ಮ ಸೊಸೈಟಿಯ ಎದುರಿನ ಬಂಗಲೆ. ನಿಮ್ಮ ಪಾಟಿಯ ಎದುರಿಗೇ,' ಎಂದಳು ಅವಳು.

ಪಾಟಿ ಎಂದರೆ ಗೋಡೆಗೆ ಹೊಡೆದ ಫಲಕ. ಈ ಊರಿನಲ್ಲಿ ಬಾಗಿಲಿಗೊಂದು ಪಾಟಿ, ಪಾಟಿಗೊಂದು ಚುಚ್ಚುಮಾತು. ಗೊತ್ತಿಲ್ಲದವರನ್ನು ಗೇಟಿನಾಚೆಯೇ ನಿಲ್ಲಿಸಿ ಬೈಯುವುದನ್ನು ಇಲ್ಲಿಯವರು ಒಂದು ಕಲೆಯೆಂದು ಬೆಳೆಸಿದ್ದಾರೆ, ಅದರ ಬಗ್ಗೆ ನೆಂಟರೆದುರು ಜಂಬವನ್ನೂ ಕೊಚ್ಚಿಕೊಳ್ಳುತ್ತಾರೆ. ಬಿಬವೇವಾಡಿಯ ತನ್ನ ಸೊಸೈಟಿಯ ಸೆಕ್ರೆಟರಿಯಾಗಿ, ರಸ್ತೆಬದಿಯ ಕಾಂಪೌಂಡಿಗೆ ಹೊಂದಿಕೊಂಡಿರುವ ಉದ್ದನೆಯ ಕಟ್ಟೆಯ ಮೇಲೆ ಮಧುಕರ ಬರೆಸಿದ ಪಾಟಿಯೂ ಅಂಥದ್ದೇ. ಬಸ್ಸಿಗೆ ಕಾಯುವವರು, ಆಸ್ಪತ್ರೆಗೆ ಬಂದವರು, ಬಿಸಿಲಿಗೆ ಬಸವಳಿದವರು ಎಲ್ಲರೂ ಅಲ್ಲಿ ಬಂದು ಕೂಡುತ್ತಿದ್ದರು, ಶೇಂಗಾ ಸಿಪ್ಪೆ ಉದುರಿಸುತ್ತಿದ್ದರು. ಮಧುಕರ ಒಂದು ಭಾನುವಾರವಿಡೀ ಯೋಚಿಸಿ ಬರೆದ: 'ಈ ಕಟ್ಟೆ ಸಾರ್ವಜನಿಕ ಸೋಫಾ ಅಲ್ಲ. ಸುಸ್ತಾಗಿದ್ದರೆ ಮನೆಗೆ ಹೋಗಿ. ಮನೆ ಇಲ್ಲದಿದ್ದರೆ ಅದು ನಮ್ಮ ತಪ್ಪಲ್ಲ.' ಪೇಂಟರ್ ಓಂಕಾರ್ ಹಳದಿಯ ಮೇಲೆ ಕಪ್ಪಕ್ಷರದಲ್ಲಿ ಅದನ್ನು ತಿದ್ದಿ ತೀಡಿ ಬರೆದುಕೊಟ್ಟ. ಅದನ್ನು ಗೋಡೆಗೆ ಹೊಡೆದ ದಿನ ಎರಡನೇ ಮಹಡಿಯ ನಿವೃತ್ತ ಹೆಡ್‌ಮಾಸ್ತರರು ಕೆಳಗಿಳಿದು ಬಂದು, ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಅವನ ಬೆನ್ನು ತಟ್ಟಿ, ಇನ್ನು ನೀವು ಹೊರಗಿನವರಲ್ಲ ಎಂದಿದ್ದರು. ಆ ರಾತ್ರಿ ಮಧುಕರನಿಗೆ ಸುಖವಾದ ನಿದ್ದೆ ಬಂದಿತ್ತು.

ರಿಕ್ಷಾ ಹಡಪಸರದ ಸೇತುವೆ ಇಳಿದು ಫಾತಿಮಾನಗರದ ಸಿಗ್ನಲ್ಲಿನಲ್ಲಿ ನಿಂತುಬಿಟ್ಟಿತು. ಅವನು ಅದೇ ಹೆಣ್ಣುಮಗಳಿಗೆ ಮತ್ತೆ ಮತ್ತೆ ಫೋನ್ ಹಚ್ಚಿದ, ಎಂಗೇಜ್, ಎಂಗೇಜ್. ಡಾಕ್ಟರರ ಜೊತೆ ಮಾತಾಡುತ್ತಿರಬೇಕು. ಮತ್ತೆ ಕಣ್ಣು ಮುಚ್ಚುತ್ತಿದ್ದಾರೆ ಎಂದರೆ ಏನು? ಅಂಬಾ ಮಧ್ಯಾಹ್ನ ಟೀವಿಯ ಮುಂದೆ ಕೂತು ಕಣ್ಣು ಮುಚ್ಚುವುದು ಅವನಿಗೆ ಗೊತ್ತು, ಮುಚ್ಚಿಲ್ಲ ಎಂದು ಸಾಧಿಸುವುದೂ ಗೊತ್ತು. ಗೊತ್ತಿಲ್ಲದ ಮನೆಯಲ್ಲಿ, ಗೊತ್ತಿಲ್ಲದವರ ಎದುರು ಅವಳು ಹಾಗೆಲ್ಲ ಕಣ್ಣು ಮುಚ್ಚುವವಳಲ್ಲ. ಅವನು ರಿಕ್ಷಾದಿಂದ ಅರ್ಧ ಹೊರಗೆ ವಾಲಿ, ಮುಂದೆ ಅಡ್ಡಾದಿಡ್ಡಿ ನಿಂತ ಕಾರಿಗೆ, ಸ್ವಲ್ಪ ಸರಿಯಿರಿ, ನನ್ನ ಹೆಂಡತಿಗೆ ಹುಷಾರಿಲ್ಲ ಎಂದು ಕೂಗಿದ. ಕಾರಿನ ಗಾಜು ಏರಿಯೇ ಇತ್ತು. ಒಳಗಿದ್ದವನು ತಿರುಗಿ ನೋಡಿದ, ಮುಖದಲ್ಲಿ ಏನೂ ಇರಲಿಲ್ಲ, ಮತ್ತೆ ಮುಂದೆ ನೋಡಿದ. ಆ ಮುಖ ಮಧುಕರನಿಗೆ ಚೆನ್ನಾಗಿ ಪರಿಚಯವಿತ್ತು. ಅದು ಫೋನ್ ಇಡುವವನ ಮುಖ. ಆ ಹೊತ್ತಿಗೆ, ಪಕ್ಕದಲ್ಲಿ ಸ್ಕೂಟರಿನ ಮೇಲಿದ್ದ ಒಬ್ಬ ಹೆಂಗಸು, ಬಿಸಿಲಿಗೆ ಕಣ್ಣಷ್ಟೇ ಬಿಟ್ಟು ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡವಳು, ಅವನ ಮಾತು ಕೇಳಿಸಿಕೊಂಡು ಕಾಲಿಂದ ನೆಲ ಒತ್ತಿ ಸ್ಕೂಟರನ್ನು ಹಿಂದಕ್ಕೆ ದೂಡಿದಳು, ತನ್ನ ಹಿಂದಿನವನಿಗೂ ಹಿಂದೆ ಸರಿ ಎಂದು ಕೈ ಮಾಡಿದಳು. ರಿಕ್ಷಾ ಆ ಸಂದಿಯಲ್ಲಿ ನುಗ್ಗಿತು. ಥ್ಯಾಂಕ್ಸ್ ಎನ್ನಬೇಕೆಂದು ಅವನು ತಿರುಗಿದಾಗ ಅಲ್ಲಿ ಓಢಣಿ ಸುತ್ತಿಕೊಂಡವರು ಹತ್ತಾರು ಮಂದಿ ಇದ್ದರು.

ಧಾರವಾಡದಿಂದ ಈ ಊರಿಗೆ ಬಂದ ಹೊಸದರಲ್ಲಿ ಅವನು ಎಲ್ಲರಿಗೂ ಥ್ಯಾಂಕ್ಸ್ ಹೇಳುತ್ತಿದ್ದ. ಬಸ್ ಕಂಡಕ್ಟರನಿಗೆ, ಹಾಲಿನವನಿಗೆ, ದಾರಿ ತಪ್ಪಿಸಿ ಕಳಿಸಿದವರಿಗೂ. ಒಮ್ಮೆ ಒಂದು ಅಂಗಡಿಗೆ ಮಧ್ಯಾಹ್ನದ ಹೊತ್ತು ಹೋಗಿ, ತನ್ನ ಹರಕುಮುರುಕು ಮರಾಠಿಯಲ್ಲಿ, ಕೊಡೆ ತೋರಿಸ್ತೀರಾ ಎಂದು ಕೇಳಿದ. ಅಂಗಡಿಯವನು, ಮಧ್ಯಾಹ್ನ ಕೊಡೆ ತೋರಿಸುವುದಿಲ್ಲ ಎಂಬ ಗೋಡೆಯ ಪಾಟಿಯತ್ತ ಬೆರಳು ತೋರಿಸಿದ. ಅದನ್ನು ಓದಲು ಮಧುಕರ ತಡವರಿಸುತ್ತಿದ್ದಾಗ, 'ಓದು ಬರದವರಿಗೂ ಮಳೆ ಬರುತ್ತದೆ ನೋಡಿ' ಎಂದ. ಅಲ್ಲಿದ್ದ ಗಿರಾಕಿಗಳು ನಕ್ಕರು. ಮಧುಕರನೂ ನಕ್ಕ. ಅದೇ ಈಗಲೂ ಚುಚ್ಚುತ್ತಿರುವುದು, ತಾನೂ ನಕ್ಕದ್ದು. ನಕ್ಕು, ಮಳೆಯಲ್ಲಿ ನೆನೆಯುತ್ತಾ ಖೋಲಿಗೆ ಹೋಗಿ, ಕನ್ನಡಿಯ ಮುಂದೆ ನಿಂತು ಆ ವಾಕ್ಯವನ್ನು ಅಂಗಡಿಯವನ ರಾಗದಲ್ಲೇ ಹೇಳಿ ಹೇಳಿ ಕಲಿತ. ಮರಾಠಿಯನ್ನು ಅವನು ಕಲಿತದ್ದೇ ಹೀಗೆ, ತನ್ನ ಮೇಲೆ ಬಿದ್ದ ಒಂದೊಂದು ಏಟನ್ನೂ ಎತ್ತಿಟ್ಟುಕೊಂಡು. ಆಮೇಲೆ ಒಂದೊಂದಾಗಿ ಬೇರೆಯವರ ಮೇಲೆ ಖರ್ಚು ಮಾಡಿದ. ಅಂಗಡಿಯವನಿಗೆ ಅಲ್ಲ, ಎಂದೂ ಅವನಿಗೆ ಅಲ್ಲ. ಯಾರು ತಿರುಗಿ ಹೇಳಲಾರರೋ ಅಂಥವರಿಗೆ. ಕೊರಿಯರ್ ತಂದವನು, ವಿಳಾಸ ಕೇಳಿದವನು, ಸಾಲ ಮಾರುವ ಹುಡುಗಿ. ಒಳಗಿನವನಾಗುವುದೆಂದರೆ ಇನ್ನಾರನ್ನಾದರೂ ಹೊರಗೆ ನಿಲ್ಲಿಸುವುದೇ ಎಂದು ಅವನು ಬಾಯಿಬಿಟ್ಟು ಎಂದೂ ಹೇಳಿರಲಿಲ್ಲ, ಆದರೆ ಬದುಕಿದ್ದು ಹಾಗೆಯೇ. ಮನೆಯೊಳಗೆ ಮಾತ್ರ ಹೂವಿನಂಥ ಮನುಷ್ಯ. ಅಂಬಾಳಿಗೆ ಒಂದು ಗಡಸು ಮಾತು ಆಡಿದವನಲ್ಲ. ಅವಳೇ ಅವನನ್ನು ಛೇಡಿಸುತ್ತಿದ್ದಳು, 'ದೇವರು ನಿಮಗ ಎರಡು ನಾಲಿಗಿ ಕೊಟ್ಟಾನ್ರಿ. ಹೊರಗ ಹೋಗೂ ಮುಂದ ಒಂದು, ಚಪ್ಪಲಿ ಬಿಟ್ಟು ಒಳಗ ಬಂದ ಮ್ಯಾಲೆ ಒಂದು.'

ಹಾಗೆಂದು ಧಾರವಾಡದವರೇನೂ ದೇವರಂಥವರಲ್ಲ. ಅವನ ತಾಯಿ ಸಾವಂತ್ರವ್ವ, ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ ದಾರಿಹೋಕರಿಗೆ ಬೆಲ್ಲ ನೀರು ಕೊಡುತ್ತಿದ್ದಳು, ನಿಜ. ಅದನ್ನು ಅವನು ಪುಣೆಯವರೆದುರು ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದಾನೆ. ಯಾರು ಆ ಕಟ್ಟೆಯ ಮೇಲೆ ಕೂಡಬಹುದು, ಯಾರು ಕೆಳಗೆ ಬಿಸಿಲಲ್ಲಿ ನಿಂತೇ ಬೊಗಸೆಯಲ್ಲಿ ನೀರು ಕುಡಿಯಬೇಕು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಪಾಟಿಯ ಅಗತ್ಯವೇ ಇರಲಿಲ್ಲ. ಈ ಭಾಗವನ್ನು ಅವನು ಪುಣೆಯವರಿಗೆ ಹೇಳಿರಲಿಲ್ಲ. ರಿಕ್ಷಾ ಗಂಗಾಧಾಮದ ಚೌಕ ದಾಟಿತು. ದೇವರೇ, ಅವಳು ಕಣ್ಣು ತೆರೆದಿರಲಿ, ಇನ್ನು ಏನೂ ಕೇಳುವುದಿಲ್ಲ ಎಂದು ಅವನು ಬೇಡಿಕೊಂಡ. ಬೇಡುವುದನ್ನು ಬಿಟ್ಟು ಬಹಳ ದಿನವಾಗಿತ್ತು, ಮಾತು ಹೊಂದಿಸಲು ತೊಡಕಾಯಿತು. ಆ ಮುದಿ ದನಿಗೆ ತಾನು ಮಲಗಿಕೊಳ್ಳಿ ಎಂದದ್ದು, ಆಗ ಆ ದನಿಯ ಕಾಲಬಳಿಯೇ ಅಂಬಾ ಮಲಗಿದ್ದದ್ದು, ಎರಡನ್ನೂ ಅವನು ಒಟ್ಟಿಗೆ ಇಟ್ಟು ನೋಡಿದ, ರಿಕ್ಷಾದವನಿಗೆ ಇನ್ನಷ್ಟು ಬೇಗ ಎಂದ.

ಎದುರು ಬಂಗಲೆಯ ಗೇಟಿನ ಪಾಟಿಯನ್ನು ಅವನು ಎಷ್ಟೋ ವರ್ಷ ಹೊಟ್ಟೆಕಿಚ್ಚಿನಿಂದ ಓದಿದ್ದ. 'ಬೆಲ್ ಒಂದೇ ಸಲ ಒತ್ತಿ. ಒಳಗೆ ಮುದುಕರಿದ್ದಾರೆ, ಕಿವುಡರಿಲ್ಲ. ಮಧ್ಯಾಹ್ನ ಅದನ್ನೂ ಒತ್ತಬೇಡಿ.' ನಿಜ ಹೇಳಬೇಕೆಂದರೆ ಅವನ ಕಟ್ಟೆಯ ಪಾಟಿ ಹುಟ್ಟಿದ್ದೇ ಇದನ್ನು ಮೀರಿಸಬೇಕೆಂದು. ಎರಡು ಪಾಟಿಗಳೂ ರಸ್ತೆಯ ಆಚೆ ಈಚೆ ನಿಂತು ದಿನವಿಡೀ ಒಂದನ್ನೊಂದು ದುರುಗುಟ್ಟಿಕೊಂಡಿದ್ದವು. ಬರೆದವರು ಮಾತ್ರ ಪರಸ್ಪರ ಮುಖ ನೋಡಿರಲಿಲ್ಲ. ಈಗ ಗೇಟು ತೆರೆದೇ ಇತ್ತು. ಒಳಗೆ ಹೊರಸಿನ ಮೇಲೆ, ಯಾರದೋ ದಿಂಬಿಗೆ ಒರಗಿ, ಯಾರದೋ ಶಾಲು ಹೊದ್ದು, ಅಂಬಾ ಕೂತಿದ್ದಳು. ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು, ತುಟಿಯ ಬಳಿ ಸಕ್ಕರೆಯ ಹರಳು ಅಂಟಿತ್ತು, ಕಣ್ಣು ತೆರೆದಿತ್ತು. ಮಧುಕರ ಬಾಗಿಲಲ್ಲೇ ಚಪ್ಪಲಿ ಬಿಡುವುದನ್ನು ಮರೆತು ನಿಂತ. ಅಳು ಬಂತು. ಅದನ್ನು ಅವನು ತಡೆಯಲೂ ಇಲ್ಲ.

'ಹೆಂಗ ಅದೀಯ?' ಎಂದ.

'ಅರಾಮ ಅದೀನ್ರಿ. ಸಂಕಷ್ಟಿ ಉಪವಾಸ ಅಂತ ಏನೂ ತಿಂದಿರಲಿಲ್ಲ, ಸಕ್ಕರಿ ಬ್ಯಾನಿ ಗುಳಿಗಿ ಮಾತ್ರ ಬಿಡಬಾರದು ಅಂತ ತಗೊಂಡೆ. ಮಾರ್ಕೆಟ್ಟಿಗೆ ಹೋಗಿ ಬರೂದ್ರಾಗ ರಕ್ತದಾಗಿನ ಸಕ್ಕರಿ ಎಲ್ಲಾ ಇಳದು ಹೋತು.' ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ ನಕ್ಕಳು. 'ಬಯ್ಯಬ್ಯಾಡ್ರಿ ಮತ್ತ. ಡಾಕ್ಟರು ಬೈದು ಹೋಗ್ಯಾರ. ಇನ್ನೊಂದಿಷ್ಟು ತಡಾ ಆಗಿದ್ರ ಕಷ್ಟ ಇತ್ತು ಅಂದ್ರು.'

ಹೊರಸಿನ ಪಕ್ಕದ ಕುರ್ಚಿಯಲ್ಲಿ, ಎತ್ತರದ, ಬೋಳುತಲೆಯ ಮುದುಕರೊಬ್ಬರು ಚಮಚ ಹಾಕಿದ ಲೋಟ ಹಿಡಿದುಕೊಂಡು, ಅರ್ಥವಾಗದ ಈ ಕನ್ನಡವನ್ನು ಗಮನವಿಟ್ಟು ಕೇಳುತ್ತಿದ್ದರು. ಪಂಢರಿನಾಥ ಎಂದು ತಮ್ಮ ಹೆಸರು ಹೇಳಿದರು. ಫೋನಿನ ದನಿ ಅದೇ. ಮಧುಕರ ಕೈ ಮುಗಿದ. ಮರಾಠಿಯಲ್ಲಿ, 'ನಾನು ಫೋನಿನಲ್ಲಿ,' ಎಂದು ಶುರುಮಾಡಿದ.

'ಅದನ್ನು ಬಿಡಿ,' ಎಂದರು ಮುದುಕರು. 'ನಿಮ್ಮ ಮಿಸೆಸ್ಸೇ ಎಚ್ಚರಿಸಿದ್ದರು. ಅರ್ಧ ಪ್ರಜ್ಞೆಯಲ್ಲಿ ನಂಬರು ಹೇಳಿದರು, ಜೊತೆಗೆ ಇದನ್ನೂ ಹೇಳಿದರು. ಮೊದಲು ಕತ್ತರಿಸುತ್ತಾರೆ, ಆಮೇಲೆ ಬೈಯುತ್ತಾರೆ, ನೀವು ಬೇಜಾರು ಮಾಡಿಕೊಳ್ಳದೆ ಮತ್ತೆ ಮಾಡಿ, ಮನುಷ್ಯ ಒಳ್ಳೆಯವರು ಎಂದು. ನೀವು ಅದೇ ಕ್ರಮದಲ್ಲಿ ಮಾಡಿದಿರಿ. ಸರಿಯಾದ ನಂಬರಿಗೇ ಹತ್ತಿದೆ ಎಂದು ನಮಗೂ ಖಾತ್ರಿಯಾಯಿತು.'

ಒಳಗಿನಿಂದ ಅವರ ಸೊಸೆ ಪೂರ್ವಾ ನಗುತ್ತಾ ಅಂಬಾಳ ಚೀಲ ತಂದಿಟ್ಟಳು. ಮೂರನೆಯ ಸಲ ಫೋನ್ ಮಾಡಿದವಳು ಅವಳೇ. ಚೀಲದಲ್ಲಿದ್ದ ನಿಂಬೆಹಣ್ಣುಗಳು ರಸ್ತೆಯ ತುಂಬ ಉರುಳಿದ್ದವಂತೆ, ಯಾರೋ ಬೈಕು ಅಡ್ಡ ನಿಲ್ಲಿಸಿ, ಹಿಂದಿನ ವಾಹನಗಳನ್ನೆಲ್ಲ ತಡೆದು, ಒಂದೂ ಬಿಡದೆ ಆರಿಸಿಕೊಟ್ಟರಂತೆ. ಯಾರು ಎಂದು ಮಧುಕರ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಹೆಲ್ಮೆಟ್ ಕೂಡ ತೆಗೆಯಲಿಲ್ಲ, ಚೀಲ ಕೊಟ್ಟು ಹೋದರು ಎಂದಳು ಪೂರ್ವಾ. ಅವನು ಚೀಲದೊಳಗೆ ನೋಡಿದ. ಒಂದೆರಡು ಹಣ್ಣಿಗೆ ಡಾಂಬರಿನ ಗೀರು ಬಿದ್ದಿತ್ತು.

'ನನ್ನ ಬಗ್ಗೆಯೂ ಹೇಳಬೇಕು,' ಎಂದರು ಪಂಢರಿನಾಥ. 'ಇವರು ನಮ್ಮ ಗೇಟನ್ನೇ ತಮ್ಮ ಮನೆ ಎಂದುಕೊಂಡು ಬೆಲ್ ಒತ್ತಿದರು. ಒಂದು ಸಲ ಅಲ್ಲ, ಬಿಡದೆ ಒತ್ತಿದರು. ನನಗೆ ಆಗಷ್ಟೇ ಜೊಂಪು ಹತ್ತಿತ್ತು. ಒಂದು ವಾಕ್ಯ ಕಟ್ಟಿಕೊಂಡೇ ಎದ್ದು ಬಂದೆ. ಒಳ್ಳೆಯ ವಾಕ್ಯ, ನೀವಾದರೆ ಮೆಚ್ಚುತ್ತಿದ್ದಿರಿ. ಬಾಗಿಲು ತೆರೆದರೆ ಇವರು ಗೇಟು ಹಿಡಿದುಕೊಂಡು ಕುಸಿಯುತ್ತಿದ್ದಾರೆ. ನನಗೂ ಇದೇ ಕಾಯಿಲೆ, ನೋಡಿದ ಕೂಡಲೇ ತಿಳಿಯಿತು.' ಅಂಗಿಯ ಜೇಬಿನಿಂದ ಸಕ್ಕರೆಯ ಪೊಟ್ಟಣ ತೆಗೆದು ತೋರಿಸಿ ಮತ್ತೆ ಒಳಗಿಟ್ಟುಕೊಂಡರು. 'ಆ ವಾಕ್ಯ ಏನೆಂದು ಆಮೇಲೆ ಎಷ್ಟು ನೆನೆಸಿದರೂ ನೆನಪಾಗುತ್ತಿಲ್ಲ,' ಎಂದರು.

ಮಧುಕರ ಅವರ ಕಾಲು ಮುಟ್ಟಲು ಬಾಗಿದ. ಅವರು ಕಾಲು ಹಿಂದಕ್ಕೆಳೆದುಕೊಂಡು, ಇದೆಲ್ಲ ಬೇಡ, ಚಹಾ ಕುಡಿಯಿರಿ ಎಂದು ಗದರಿದರು. ಗದರಿದ್ದು ಅವನಿಗೆ ಹಿತವಾಗಿತ್ತು. ಈ ಊರು ಎಷ್ಟೋ ವರ್ಷಗಳಿಂದ ತನ್ನನ್ನು ಗದರುತ್ತಲೇ ಬಂದಿದೆ, ಗದರುವ ಪ್ರತಿಯೊಬ್ಬರ ಜೇಬಿನಲ್ಲೂ ಹೀಗೆ ಏನಾದರೂ ಇದ್ದಿತೇನೋ, ತಾನು ಬಾಗಿಲವರೆಗೆ ಹೋಗಿದ್ದರೆ ತಾನೆ ಗೊತ್ತಾಗುವುದು. ಆ ಕೊಡೆಯಂಗಡಿಯವನ ಜೇಬಿನಲ್ಲೂ ಇತ್ತೇ? ಹಾಗೆ ನಂಬಲು ಮನಸ್ಸು ಒಪ್ಪಲಿಲ್ಲ, ಆದರೂ ಇವತ್ತೊಂದು ದಿನ ಅವನ ಜೊತೆ ಜಗಳ ಬೇಡವೆನ್ನಿಸಿತು. ಚಹಾ ಬಿಸಿಯಾಗಿತ್ತು, ಶುಂಠಿ ಹೆಚ್ಚಾಗಿತ್ತು. ಮಧುಕರ ಒಂದು ತೊಟ್ಟೂ ಬಿಡದೆ ಕುಡಿದ. ಯಾರ ಮನೆಯ ಚಹಾವನ್ನೂ ಅವನು ಇಷ್ಟು ಕೃತಜ್ಞನಾಗಿ ಕುಡಿದಿರಲಿಲ್ಲ.

ಬಿಸಿಲು ಇಳಿದ ಮೇಲೆ ಇಬ್ಬರೂ ಹೊರಟರು. ರಸ್ತೆ ದಾಟುವುದೇ ಕಷ್ಟವಾಯಿತು. ಅವನ ತೋಳು ಹಿಡಿದು ಅಂಬಾ ಮೆಲ್ಲಗೆ ಹೆಜ್ಜೆಯಿಡುತ್ತಿದ್ದಳು, ವಾಹನಗಳು ನಿಲ್ಲುವ ಮಾತೇ ಇರಲಿಲ್ಲ. ಕೊನೆಗೆ ಪಂಢರಿನಾಥ ತಾವೇ ಬಂದು ನಡುರಸ್ತೆಯಲ್ಲಿ ಊರುಗೋಲು ಎತ್ತಿ ನಿಂತು, ಒಂದು ಟೆಂಪೊದವನಿಗೆ, ಎರಡು ಕಾರಿನವರಿಗೆ, ಒಬ್ಬ ಸ್ಕೂಟರಿನವನಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಚುಚ್ಚುಮಾತು ಆಡಿ ದಾರಿ ಮಾಡಿಕೊಟ್ಟರು. ಆಚೆ ದಡಕ್ಕೆ ಬಂದಾಗ ಅಂಬಾಳಿಗೆ ಏದುಸಿರು ಬಂದಿತ್ತು. ಸೊಸೈಟಿಯ ಗೇಟು ಮೂಲೆ ತಿರುಗಿ ಇನ್ನಷ್ಟು ಮುಂದಿತ್ತು.

'ಒಂದು ಸ್ವಲ್ಪ ಕೂಡು,' ಎಂದ ಮಧುಕರ, ಕಟ್ಟೆ ತೋರಿಸಿ.

ಅಂಬಾ ಕಟ್ಟೆಯನ್ನು ನೋಡಿದಳು. ಆಮೇಲೆ ಅದರ ಮೇಲಿನ ಹಳದಿ ಪಾಟಿಯನ್ನು ನೋಡಿದಳು. 'ಇಲ್ಲೇ?' ಎಂದಳು. 'ಆವಾಗ ಬಸ್ ಇಳದ ಕೂಡ್ಲೆ ಇಲ್ಲೇ ಕೂತಿದ್ನಿರಿ. ಕಣ್ಣಿಗೆ ಕತ್ತಲಿ ಬಂದಿತ್ತು. ಒರಗೂಣು ಅಂತ ತಿರಗಿದ್ರ ನೀವು ಬರದದ್ದು ಕಾಣಸ್ತು. ಸುಸ್ತಾಗಿದ್ರ ಮನಿಗೆ ಹೋಗ್ರಿ ಅಂತ. ಖರೇನ ಅದ ಅನ್ನಿಸ್ತು. ನಮಗೇನು ಮನಿ ಇಲ್ಲೇನು? ಬರದವರ ಹೇಣತೀನ ಇಲ್ಲೆ ಕೂತ್ರ ಮಂದಿ ನಿಮಗ ನಗೂದಿಲ್ಲೇನು? ಅದಕ್ಕ ಎದ್ದೆ. ಯಾ ಕಡೆ ಹೊಂಟೆ ಅನ್ನೂದ ತಿಳೀಲಿಲ್ಲ ನೋಡ್ರಿ ಆಮ್ಯಾಲೆ.'

ಅವಳ ದನಿಯಲ್ಲಿ ದೂರು ಇರಲಿಲ್ಲ. ಇವತ್ತು ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣು ಸೋವಿಯಿತ್ತು ಎಂದು ಹೇಳುವ ದನಿಯದು. ಮಧುಕರ ತಲೆಯೆತ್ತಿ ಪಾಟಿ ನೋಡಿದ. ಒಂದು ಭಾನುವಾರವಿಡೀ ಅವನು ಈ ವಾಕ್ಯವನ್ನು ಯಾರಿಗೆಂದು ಬರೆದಿದ್ದ? ಅವರಿಗೆ ಮುಖ ಇರಲಿಲ್ಲ. ಮುಖ ಇಲ್ಲದವರಿಗೆ ಎಂದು ಬರೆದದ್ದಕ್ಕೇ ಅದು ಅಷ್ಟು ಸಲೀಸಾಗಿ ಬಂದದ್ದು. ಅಷ್ಟು ಜನರಲ್ಲಿ ಅದನ್ನು ಓದಿ, ನಂಬಿ, ತಲೆಬಾಗಿ ಪಾಲಿಸಿದವಳು ಇವಳೊಬ್ಬಳು. ಮಿಕ್ಕವರೆಲ್ಲ, ಪುಣ್ಯವಂತರು, ಅದರ ಕೆಳಗೇ ಕೂತು ಶೇಂಗಾ ತಿಂದು ಹೋಗಿದ್ದರು. ಅವನು ಅಂಬಾಳನ್ನು ಎರಡೂ ಭುಜ ಹಿಡಿದು ಕಟ್ಟೆಯ ಮೇಲೆ ಕೂಡಿಸಿದ. ತಾನೂ ಪಕ್ಕದಲ್ಲಿ ಕೂತ. ಇಷ್ಟು ವರ್ಷವಾದರೂ ಅವನು ಆ ಕಟ್ಟೆಯ ಮೇಲೆ ಕೂತಿದ್ದು ಅದೇ ಮೊದಲು. ಕಲ್ಲು ಇನ್ನೂ ಬೆಚ್ಚಗಿತ್ತು. ಎದುರಿಗೆ ರಸ್ತೆ, ಬಸ್ಸು, ಓಢಣಿ ಸುತ್ತಿಕೊಂಡವರು, ಹೆಲ್ಮೆಟ್ ಹಾಕಿಕೊಂಡವರು. ಇವರಲ್ಲಿ ಯಾರೋ ಒಬ್ಬರು ಸ್ಕೂಟರು ಹಿಂದಕ್ಕೆ ದೂಡಿದ್ದರು, ಯಾರೋ ನಿಂಬೆಹಣ್ಣು ಆರಿಸಿದ್ದರು. ಯಾರೆಂದು ಗೊತ್ತಿಲ್ಲದ ಮೇಲೆ ಎಲ್ಲರೂ ಅವರೇ ಇರಬಹುದು. ಅವನಿಗೆ ರಸ್ತೆಯ ಉದ್ದಕ್ಕೂ ಕೈ ಮುಗಿಯಬೇಕೆನ್ನಿಸಿತು. ಹುಚ್ಚ ಅಂದಾರು ಎಂದು ಅಂಬಾಳ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡ.

ಕೈಯಲ್ಲಿ ಎಕ್ಸ್‌ರೇಯ ದೊಡ್ಡ ಲಕೋಟೆ ಹಿಡಿದ ನಡುವಯಸ್ಸಿನವನೊಬ್ಬ ಬಸ್ ಇಳಿದು, ಕುಂಟುತ್ತ ಕಟ್ಟೆಯ ಹತ್ತಿರ ಬಂದ. ಕೂಡಲು ಹೋದವನು ಪಾಟಿ ನೋಡಿ ತಡೆದ. ತುಟಿಯಲ್ಲೇ ಓದಿಕೊಂಡ. ಓದಿ ಮುಗಿಸಿ, ಕಾಲು ಬದಲಿಸಿ, ಒರಗಿಕೊಳ್ಳಲು ಲೈಟಿನ ಕಂಬ ಎಲ್ಲಿದೆ ಎಂದು ಅತ್ತಿತ್ತ ನೋಡಿದ. ಮಧುಕರ ಅಂಬಾಳ ಕಡೆಗೆ ಸರಿದು ಜಾಗ ಮಾಡಿದ. 'ಬರ್ರಿ, ಕೂಡ್ರಿ,' ಎಂದ. ಮನೆಯೊಳಗಿನ ಮಾತು ರಸ್ತೆಯಲ್ಲಿ ಬಾಯಿಗೆ ಬಂದದ್ದು ಅವನಿಗೇ ಗೊತ್ತಾಗಲಿಲ್ಲ. ಆ ಮನುಷ್ಯನಿಗೆ ಮಾತು ತಿಳಿಯಲಿಲ್ಲ, ಸರಿದದ್ದು ತಿಳಿಯಿತು. ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ನಿಟ್ಟುಸಿರು ಬಿಟ್ಟು ಕೂತ.

ಕೂತ ಮೇಲೆ ಆ ಮನುಷ್ಯ ಹೆಬ್ಬೆರಳಿಂದ ಹಿಂದಿನ ಪಾಟಿಯನ್ನು ತೋರಿಸಿ, ಮರಾಠಿಯಲ್ಲಿ, 'ಇದನ್ನು ಬರೆದವರು ನೋಡಿದರೆ ನಮ್ಮ ಮೂವರನ್ನೂ ಎಬ್ಬಿಸುತ್ತಾರೆ' ಎಂದ.

ಮಧುಕರ ಬಾಯಿ ತೆರೆದ. ಹೇಳಿಬಿಡಬೇಕೆಂದೇ ತೆರೆದದ್ದು. ಅಷ್ಟರಲ್ಲಿ ಅಂಬಾ ಮುಂದಕ್ಕೆ ಬಾಗಿ, ತನ್ನ ಕನ್ನಡದ ರಾಗದ ಮರಾಠಿಯಲ್ಲಿ, 'ಆರಾಮಾಗಿ ಕೂತುಕೊಳ್ಳಿ. ಬರೆದವರು ಈಗ ಇಲ್ಲಿಲ್ಲ' ಎಂದಳು. ಎಂದು, ಚೀಲದಿಂದ ಗೀರು ಬಿದ್ದ ಒಂದು ನಿಂಬೆಹಣ್ಣು ತೆಗೆದು, ಸೆರಗಿನಿಂದ ಒರೆಸತೊಡಗಿದಳು.